ಜ್ಯೂಸರ್ ನಿಂತಿದೆ, ಬಿಲ್ ಬೆಳ್ಳಗಾಗಿದೆ: ರಿಪೇರಿ ಮಾಡಿಸೋದಾ, ಬಿಡೋದಾ?

ಕಿತ್ತಳೆಸಿಪ್ಪೆ

ಎಲ್ಲರಿಗೂ ನಮಸ್ಕಾರ. ಹನ್ನೊಂದು ತಿಂಗಳ ಹಿಂದೆ ಅಮ್ಮನಿಗೋಸ್ಕರ ಒಂದು ಸ್ಲೋ ಜ್ಯೂಸರ್ ತೆಗೆದುಕೊಂಡಿದ್ದೆ. ಅವರಿಗೆ 71 ವರ್ಷ. ದವಡೆ ಹಲ್ಲು ನಾಲ್ಕು ಹೋಗಿವೆ, ಸೇಬು ಕಚ್ಚಲು ಆಗುವುದಿಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಒಂದು ದೊಡ್ಡ ಲೋಟ ಜ್ಯೂಸ್ ಮಾಡಿಕೊಡುತ್ತಿದ್ದೆ.

ಹೋದ ವಾರ ಕ್ಯಾರೆಟ್ ಹಾಕುವಾಗ ಟಕ್ ಟಕ್ ಎಂದು ಸದ್ದು ಬಂತು. ಆಮೇಲೆ ಮೋಟಾರ್ ತಿರುಗುವ ಸದ್ದು ಕೇಳುತ್ತದೆ, ಆದರೆ ಹಣ್ಣು ಅರೆಯುವ ಸ್ಕ್ರೂ ತಿರುಗುವುದಿಲ್ಲ. ವಾರಂಟಿ 1 ವರ್ಷ ಇದೆಯಲ್ಲ ಎಂದು ಧೈರ್ಯವಾಗಿ ಫೈಲ್ ತೆಗೆದೆ. ಪ್ಲಾಸ್ಟಿಕ್ ಕವರ್‌ನಲ್ಲಿ ಜೋಪಾನವಾಗಿ ಇಟ್ಟಿದ್ದ ಬಿಲ್ ಪೂರ್ತಿ ಬಿಳಿ! ಕಿಟಕಿ ಹತ್ತಿರ ಹಿಡಿದರೆ ಮೇಲ್ಗಡೆ ಅಂಗಡಿಯ ಹೆಸರಿನ ನೆರಳು ಮಾತ್ರ ಕಾಣುತ್ತದೆ.

ಸರ್ವಿಸ್ ಸೆಂಟರ್‌ನವರು ಸೀರಿಯಲ್ ನಂಬರ್ ಕೇಳಿದರು. "ಇದು ತಯಾರಾಗಿ 15 ತಿಂಗಳಾಗಿದೆ. ಬಿಲ್ ಇಲ್ಲದಿದ್ದರೆ ನಾವು ತಯಾರಾದ ದಿನದಿಂದಲೇ ಲೆಕ್ಕ ಹಾಕುತ್ತೇವೆ, ವಾರಂಟಿ ಮುಗಿದಿದೆ" ಎಂದರು. ನಾಲ್ಕು ತಿಂಗಳು ಅದು ಯಾವುದೋ ಗೋದಾಮಿನಲ್ಲಿ ಕೂತಿತ್ತು ಎಂದರೆ ಅದರ ನಷ್ಟ ನನಗಾ?

ಇದರ ನಡುವೆ ಅಮ್ಮನ ರಕ್ತ ಪರೀಕ್ಷೆ ಬಂತು. ಮೂರು ತಿಂಗಳ ಸಕ್ಕರೆ ಸರಾಸರಿ (HbA1c) ಶೇಕಡಾ 6.1. ಡಾಕ್ಟರು "ಇನ್ನೂ ಡಯಾಬಿಟಿಸ್ ಅಲ್ಲ, ಆದರೆ ಹೊಸ್ತಿಲಲ್ಲಿದ್ದೀರಿ" ಎಂದರು. ಹಾಗಾಗಿ ಎರಡು ಪ್ರಶ್ನೆ. ವಾರಂಟಿ ಉಳಿಸಿಕೊಳ್ಳಲು ಏನಾದರೂ ದಾರಿ ಇದೆಯಾ? ಇದ್ದರೂ, ಈ ಮೆಷಿನ್ ರಿಪೇರಿ ಮಾಡಿಸುವುದು ಅಮ್ಮನಿಗೆ ಒಳ್ಳೆಯದಾ?

ಹಳೇರೇಡಿಯೋ

ಬಿಲ್ ಬೆಳ್ಳಗಾದದ್ದು ನಿಮ್ಮ ತಪ್ಪಲ್ಲ. ಆ ಕಾಗದದಲ್ಲಿ ಶಾಯಿಯೇ ಇರುವುದಿಲ್ಲ. ಕಾಗದದ ಮೇಲೆ ಒಂದು ಲೇಪ ಇರುತ್ತದೆ, ಪ್ರಿಂಟರ್‌ನ ಬಿಸಿ ತಾಗಿದ ಜಾಗ ಕಪ್ಪಾಗುತ್ತದೆ ಅಷ್ಟೇ. ಬೆಳಕು, ಬಿಸಿ, ಎಣ್ಣೆ ಕೈ ಯಾವುದನ್ನೂ ಅದು ತಡೆಯುವುದಿಲ್ಲ. ಮೆತ್ತನೆ ಪ್ಲಾಸ್ಟಿಕ್ ಕವರ್ ಇನ್ನೂ ಕೆಟ್ಟದ್ದು. ಪ್ಲಾಸ್ಟಿಕ್ ಮೆತ್ತಗಾಗಲು ಹಾಕುವ ರಾಸಾಯನಿಕ ಕಾಗದಕ್ಕೆ ಇಳಿದು ಅಕ್ಷರ ಅಳಿಸುತ್ತದೆ. ಅಂದರೆ ಜೋಪಾನ ಮಾಡಿದ್ದೇ ಮುಳುವಾಯಿತು.

ಒಂದು ಸಲ ಹೀಗೆ ಮಾಡಿ ನೋಡಿ. ಕತ್ತಲೆ ಕೋಣೆಯಲ್ಲಿ ಟಾರ್ಚ್ ಅನ್ನು ಕಾಗದಕ್ಕೆ ಓರೆಯಾಗಿ ಹಿಡಿದು ಫೋಟೋ ತೆಗೆಯಿರಿ. ಆಮೇಲೆ ಫೋನಿನಲ್ಲಿ ಕಾಂಟ್ರಾಸ್ಟ್ ಪೂರ್ತಿ ಏರಿಸಿ. ನನಗೆ ಒಂದು ಸಲ ತಾರೀಕು ಓದಲು ಸಿಕ್ಕಿತ್ತು. ಇಸ್ತ್ರಿ ಪೆಟ್ಟಿಗೆ ಮಾತ್ರ ಒತ್ತಬೇಡಿ, ಇಡೀ ಹಾಳೆ ಕಪ್ಪಾಗುತ್ತದೆ.

ಕ್ಲೇಮ್‌ಮೇಜು

ಅಡುಗೆಮನೆ ಉಪಕರಣಗಳ ಕಂಪನಿಯೊಂದರಲ್ಲಿ ಹದಿನಾಲ್ಕು ವರ್ಷದಿಂದ ವಾರಂಟಿ ಕ್ಲೇಮ್ ನೋಡುವ ಕೆಲಸ ನನ್ನದು. ಕಿತ್ತಳೆಸಿಪ್ಪೆ ಅವರೇ, ಇವತ್ತೇ ಮಾಡಬೇಕಾದದ್ದು ಹೇಳುತ್ತೇನೆ. ನಿಮಗೆ ಉಳಿದಿರುವುದು ಒಂದೇ ತಿಂಗಳು.

ಮೊದಲು ದೂರನ್ನು ಬರಹದಲ್ಲಿ ಕೊಡಿ. ಫೋನಿನಲ್ಲಿ ಆಡಿದ ಮಾತಿಗೆ ಬೆಲೆ ಇಲ್ಲ. ಇಮೇಲ್ ಕಳಿಸಿ, ದೂರಿನ ನಂಬರ್ ತೆಗೆದುಕೊಳ್ಳಿ. ಸಾಮಾನ್ಯವಾಗಿ ದೂರು ದಾಖಲಾದ ದಿನವೇ ಲೆಕ್ಕಕ್ಕೆ ಬರುವುದು, ರಿಪೇರಿ ಮುಗಿದ ದಿನ ಅಲ್ಲ. ಆ ದಿನ ವಾರಂಟಿ ಒಳಗಿದ್ದರೆ ಸಾಕು.

ಆಮೇಲೆ ತೆಗೆದುಕೊಂಡ ದಿನಕ್ಕೆ ಸಾಕ್ಷಿ ಹುಡುಕಿ. ಅದು ಬಿಲ್ ಕಾಗದವೇ ಆಗಬೇಕೆಂದಿಲ್ಲ. ಅಂಗಡಿಯವರ ಕಂಪ್ಯೂಟರ್‌ನಲ್ಲಿ ನಿಮ್ಮ ಫೋನ್ ನಂಬರ್ ಹಾಕಿದರೆ ಡುಪ್ಲಿಕೇಟ್ ಬಿಲ್ ಸಿಗಬಹುದು. ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿನ ಸ್ಟೇಟ್‌ಮೆಂಟ್ ಇದೆ. ಇದರ ಜೊತೆ ಮೆಷಿನ್ ತಳದಲ್ಲಿರುವ ಸೀರಿಯಲ್ ನಂಬರ್ ಚೀಟಿಯ ಫೋಟೋ ಇಡಿ. ತಯಾರಾದ ದಿನದಿಂದ ಲೆಕ್ಕ ಹಾಕುವುದು ಬೇರೆ ಸಾಕ್ಷಿ ಏನೂ ಇಲ್ಲದಿದ್ದಾಗಿನ ರೂಢಿ. ಸಾಕ್ಷಿ ಕೊಟ್ಟ ಮೇಲೂ ಅದನ್ನೇ ಹಿಡಿದು ಕೂತರೆ ಒಪ್ಪಬೇಡಿ, ಕಾರಣ ಬರೆದು ಕೊಡಿ ಎನ್ನಿ.

ಇನ್ನೊಂದು ವಿಷಯ. ಕಂಪನಿ ತಾನಾಗಿ ಕೊಡುವ ವಾರಂಟಿ ಬೇರೆ, ಕಾನೂನು ಕೊಡುವ ರಕ್ಷಣೆ ಬೇರೆ. ಉದಾಹರಣೆಗೆ ಯುರೋಪಿಯನ್ ಒಕ್ಕೂಟದಲ್ಲಿ ಮಾಲು ಕೈಗೆ ಬಂದ ದಿನದಿಂದ ಕಡಿಮೆಯೆಂದರೆ 2 ವರ್ಷ ಮಾರಿದವರೇ ಹೊಣೆ. ವಾರಂಟಿ ಕಾರ್ಡಿನಲ್ಲಿ ಏನೇ ಬರೆದಿರಲಿ, ಅದು ಹೋಗುವುದಿಲ್ಲ. ನೀವಿರುವ ಕಡೆ ಏನಿದೆ ಎಂದು ಒಮ್ಮೆ ನೋಡಿಕೊಳ್ಳಿ.

ಮತ್ತೆ ದೂರಿನಲ್ಲಿ ಸುಮ್ನೆ "ಕೆಲಸ ಮಾಡುತ್ತಿಲ್ಲ" ಎಂದು ಬರೆಯಬೇಡಿ. ಇಲ್ಲಿ ಬರೆದಿದ್ದೀರಲ್ಲ, ಟಕ್ ಟಕ್ ಸದ್ದು, ಮೋಟಾರ್ ತಿರುಗುತ್ತದೆ, ಸ್ಕ್ರೂ ತಿರುಗುವುದಿಲ್ಲ ಎಂದು, ಅದನ್ನೇ ಹಾಗೆಯೇ ಬರೆಯಿರಿ. ಆ ಮೂರು ಮಾತು ಓದಿದರೆ ನನಗೆ ಮೊದಲು ಗೇರ್ ನೆನಪಾಗುತ್ತದೆ. ಹತ್ತು ಸೆಕೆಂಡಿನ ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು.

ತಟ್ಟೆಲೆಕ್ಕ

ನಾನು ಡಯಟಿಷಿಯನ್. ಎರಡನೇ ಪ್ರಶ್ನೆಗೆ ಬರುತ್ತೇನೆ. ದೊಡ್ಡ ಲೋಟ ಎಂದರೆ ಎಷ್ಟು? ಅಳತೆ ಹೇಳಿ. ಜ್ಯೂಸಿನ ಮಾತೆಲ್ಲ ಅಳತೆಯ ಮೇಲೇ ನಿಂತಿದೆ.

ಕಿತ್ತಳೆಸಿಪ್ಪೆ

ಈಗ ಅಳೆದು ನೋಡಿದೆ. 350 ಮಿ.ಲೀ. ಹೆಚ್ಚಾಗಿ ಕಿತ್ತಳೆ, ಕೆಲವು ದಿನ ಸೇಬು ಮತ್ತು ಕ್ಯಾರೆಟ್. ಸಕ್ಕರೆ ಒಂದು ಚೂರೂ ಹಾಕುವುದಿಲ್ಲ ಮೇಡಂ.

ತಟ್ಟೆಲೆಕ್ಕ

ಸಕ್ಕರೆ ನೀವು ಹಾಕುವುದಿಲ್ಲ, ಸರಿ. ಹಣ್ಣಿನಲ್ಲಿ ಇದೆಯಲ್ಲ. ಕಿತ್ತಳೆ ಜ್ಯೂಸಿನಲ್ಲಿ 100 ಮಿ.ಲೀ.ಗೆ ಸುಮಾರು 8ರಿಂದ 9 ಗ್ರಾಂ ಸಕ್ಕರೆ ಇರುತ್ತದೆ. ನಿಮ್ಮ 350 ಮಿ.ಲೀ. ಲೋಟದಲ್ಲಿ ಹತ್ತಿರ ಹತ್ತಿರ 30 ಗ್ರಾಂ. ಅಂದರೆ ಏಳು ಟೀ ಚಮಚ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಲ್ಲಿ ಜ್ಯೂಸಿನ ಸಕ್ಕರೆ, ಜೇನಿನ ಸಕ್ಕರೆ ಎರಡನ್ನೂ ಹೊರಗಿನಿಂದ ಹಾಕಿದ ಸಕ್ಕರೆಯ ಜೊತೆಗೇ ಸೇರಿಸಿದ್ದಾರೆ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಈ ಲೆಕ್ಕದ ಮಿತಿ 50 ಗ್ರಾಂ, 25 ಗ್ರಾಂ ಒಳಗಿದ್ದರೆ ಇನ್ನೂ ಒಳ್ಳೆಯದು. ನಿಮ್ಮ ಅಮ್ಮ ಬೆಳಗಿನ ಒಂದು ಲೋಟದಲ್ಲೇ ಆ 25 ದಾಟುತ್ತಿದ್ದಾರೆ.

ಹಣ್ಣಿನಲ್ಲೂ ಅದೇ ಸಕ್ಕರೆ ತಾನೇ ಎಂದು ಎಲ್ಲರೂ ಕೇಳುತ್ತಾರೆ. ಸಕ್ಕರೆ ಅದೇ. ಅದು ಹೊಟ್ಟೆಗೆ ಹೋಗುವ ವೇಗ ಬೇರೆ. 1977ರಲ್ಲಿ ಒಂದು ಸರಳ ಪ್ರಯೋಗ ಮಾಡಿದ್ದರು. ಒಂದೇ ಪ್ರಮಾಣದ ಸೇಬನ್ನು ಇಡಿಯಾಗಿ, ಅರೆದು, ಜ್ಯೂಸ್ ಮಾಡಿ, ಹೀಗೆ ಮೂರು ಥರ ಕೊಟ್ಟರು. ಇಡೀ ಸೇಬು ತಿನ್ನುವುದಕ್ಕಿಂತ ಜ್ಯೂಸ್ ಹನ್ನೊಂದು ಪಟ್ಟು ಬೇಗ ಖಾಲಿಯಾಯಿತು. ಕುಡಿದವರಿಗೆ ಹೊಟ್ಟೆ ತುಂಬಿದ ಹಾಗೂ ಅಷ್ಟಾಗಿ ಅನ್ನಿಸಲಿಲ್ಲ. ಅಗಿಯುವ ಕೆಲಸ, ನಾರು ಎರಡೂ ಹೋದರೆ ಹೊಟ್ಟೆಗೆ ಲೆಕ್ಕ ಸಿಗುವುದಿಲ್ಲ. ಮೂರು ನಾಲ್ಕು ಕಿತ್ತಳೆಯನ್ನು ಒಮ್ಮೆಗೇ ಕೂತು ತಿನ್ನುತ್ತೀರಾ? ಕುಡಿಯುವಾಗ ಎರಡೇ ನಿಮಿಷ.

ನಾರಿನ ಲೆಕ್ಕವನ್ನೂ ನೋಡಿ. ಒಂದು ಕಿತ್ತಳೆ ತಿಂದರೆ ಸುಮಾರು 3 ಗ್ರಾಂ ನಾರು ಸಿಗುತ್ತದೆ. ಸೋಸಿದ ಒಂದು ಲೋಟ ಜ್ಯೂಸಿನಲ್ಲಿ ಅರ್ಧ ಗ್ರಾಂ ಕೂಡ ಕಷ್ಟ. ಉಳಿದದ್ದು ನಿಮ್ಮ ಮೆಷಿನ್‌ನ ಹಿಂದಿನ ಬಾಯಿಯಿಂದ ಚರಟವಾಗಿ ಬಂದು ಕಸದ ಬುಟ್ಟಿಗೆ ಹೋಯಿತು.

ಬೆಳಗಿನಲೋಟ

ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ನನ್ನ ಅಪ್ಪನಿಗೆ ಕೀಮೋ ನಡೆಯುತ್ತಿದ್ದಾಗ ಬಾಯಿ ತುಂಬಾ ಹುಣ್ಣು. ತಟ್ಟೆ ನೋಡಿದರೆ ಮುಖ ತಿರುಗಿಸುತ್ತಿದ್ದರು. ಮೂರು ವಾರ ಅವರ ಒಳಗೆ ಹೋದದ್ದು ಹೆಚ್ಚಾಗಿ ನೀರು ಬೆರೆಸಿದ ಸೇಬಿನ ಜ್ಯೂಸ್. ಚಮಚದಲ್ಲಿ ಕುಡಿಸುತ್ತಿದ್ದೆ. ಅವತ್ತು ನಾರು ಎಲ್ಲಿ ಹೋಯಿತು ಎಂದು ಲೆಕ್ಕ ಹಾಕುತ್ತಾ ಕೂರಲು ಆಗುತ್ತಿತ್ತಾ? ಜ್ಯೂಸ್ ಎಂದರೆ ಸಕ್ಕರೆ ನೀರು ಎಂದು ಎಲ್ಲರೂ ಸುಲಭವಾಗಿ ಹೇಳಿಬಿಡುತ್ತಾರೆ. ನನಗೆ ಅದು ಬೇಸರ ತರಿಸುತ್ತದೆ.

ತಟ್ಟೆಲೆಕ್ಕ

ಬೆಳಗಿನಲೋಟ ಅವರೇ, ನೀವು ಮಾಡಿದ್ದು ಸರಿಯೇ ಇತ್ತು. ಒಳಗೆ ಏನೂ ಹೋಗದ ದಿನಗಳಲ್ಲಿ ಕ್ಯಾಲೊರಿ ಮತ್ತು ನೀರು ಹೋಗುವುದೇ ಮುಖ್ಯ. ನಾನು ಸಕ್ಕರೆ ನೀರು ಎಂದು ಹೇಳಿಲ್ಲ, ಹೇಳುವುದೂ ಇಲ್ಲ.

ಜ್ಯೂಸಿಗೆ ಅದರದ್ದೇ ಆದ ಗುಣಗಳಿವೆ. 150 ಮಿ.ಲೀ. ಕಿತ್ತಳೆ ಜ್ಯೂಸಿನಲ್ಲಿ ದೊಡ್ಡವರಿಗೆ ದಿನಕ್ಕೆ ಬೇಕಾದ ವಿಟಮಿನ್ ಸಿಯ ಬಹುಪಾಲು ಬರುತ್ತದೆ. ಬೇಳೆ, ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತಲು ವಿಟಮಿನ್ ಸಿ ಸಹಾಯ ಮಾಡುತ್ತದೆ. ಹಾಗಾಗಿ ಬರೀ ಹೊಟ್ಟೆಗೆ ಕುಡಿಯುವುದಕ್ಕಿಂತ ಊಟದ ಜೊತೆ ಕುಡಿಯುವುದು ಮೇಲು. ಮಲಬದ್ಧತೆ ಇರುವವರಿಗೆ ಪ್ರೂನ್ (ಒಣಗಿಸಿದ ಪ್ಲಮ್ ಹಣ್ಣು) ಜ್ಯೂಸ್ ಕೆಲಸ ಮಾಡುವುದು ಹೆಚ್ಚಾಗಿ ಅದರಲ್ಲಿರುವ ಸಾರ್ಬಿಟಾಲ್ ಎಂಬ ಸಿಹಿ ಅಂಶದಿಂದ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ರಕ್ತದ ಸಕ್ಕರೆ 70 mg/dLಗಿಂತ ಕೆಳಗೆ ಇಳಿದಾಗ ಅರ್ಧ ಕಪ್ ಜ್ಯೂಸ್ ಕುಡಿದು 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿ ಎಂದು ಡಾಕ್ಟರುಗಳೇ ಹೇಳುತ್ತಾರೆ. ಬೇಗ ರಕ್ತಕ್ಕೆ ಸೇರುವ ಗುಣವೇ ಅಲ್ಲಿ ಬೇಕಾಗಿರುವುದು. ಅದೇ ಗುಣ ಸಕ್ಕರೆ ಹೊಸ್ತಿಲಲ್ಲಿರುವ ಅಮ್ಮನಿಗೆ ದಿನಾ ಬೆಳಿಗ್ಗೆ ಬೇಡ.

2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ಅಧ್ಯಯನದಲ್ಲಿ ಸುಮಾರು 1,87,000 ಜನರ ಆಹಾರವನ್ನು ವರ್ಷಗಟ್ಟಲೆ ನೋಡಿದ್ದರು. ಇಡೀ ದ್ರಾಕ್ಷಿ, ಸೇಬು, ಬ್ಲೂಬೆರಿ ಜಾಸ್ತಿ ತಿಂದವರಲ್ಲಿ ಟೈಪ್ 2 ಡಯಾಬಿಟಿಸ್ ಕಡಿಮೆ ಕಂಡಿತು. ಜ್ಯೂಸ್ ಜಾಸ್ತಿ ಕುಡಿದವರಲ್ಲಿ ಸ್ವಲ್ಪ ಹೆಚ್ಚು ಕಂಡಿತು. ಇದು ಬರೀ ಗಮನಿಸಿ ನೋಡಿದ ಅಧ್ಯಯನ, ಜ್ಯೂಸೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಹೊಸ್ತಿಲಲ್ಲಿ ನಿಂತವರಿಗೆ ನಾನು ಹಣ್ಣಿನ ಕಡೆಗೇ ಕೈ ತೋರಿಸುತ್ತೇನೆ.

ಒಂದು ಎಚ್ಚರಿಕೆ. ಅಗಿಯಲು ಕಷ್ಟ ಇರುವುದು ಬೇರೆ, ನುಂಗಲು ಕಷ್ಟ ಇರುವುದು ಬೇರೆ. ಕುಡಿಯುವಾಗ ಕೆಮ್ಮು ಬರುವವರಿಗೆ ನೀರಿನಂಥ ತೆಳು ಜ್ಯೂಸ್ ಶ್ವಾಸಕೋಶಕ್ಕೆ ಇಳಿಯಬಹುದು. ಅಂಥವರಿಗೆ ಡಾಕ್ಟರನ್ನು ಕೇಳದೆ ಕೊಡಬೇಡಿ.

ಬೆಳಗಿನಲೋಟ

ಧನ್ಯವಾದ ಮೇಡಂ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಅಪ್ಪ ಈಗ ಚೆನ್ನಾಗಿದ್ದಾರೆ, ಸೇಬನ್ನು ಕಚ್ಚಿಯೇ ತಿನ್ನುತ್ತಾರೆ.

ಮೂರುಚಿಳ್ಳೆ

ಮಕ್ಕಳಿಗೆ ಎಷ್ಟು ಕೊಡಬಹುದು? ನನ್ನ ಚಿಕ್ಕವಳಿಗೆ ಹತ್ತು ತಿಂಗಳು.

ತಟ್ಟೆಲೆಕ್ಕ

ಒಂದು ವರ್ಷದ ಒಳಗೆ ಬೇಡವೇ ಬೇಡ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2017ರಲ್ಲಿ ಕೊಟ್ಟ ಸಲಹೆ ಹೀಗಿದೆ: 1ರಿಂದ 3 ವರ್ಷಕ್ಕೆ ದಿನಕ್ಕೆ ಹೆಚ್ಚೆಂದರೆ 120 ಮಿ.ಲೀ., 4ರಿಂದ 6ಕ್ಕೆ 120ರಿಂದ 180, 7ರಿಂದ 18ಕ್ಕೆ 240. ಇದು ಮಿತಿ, ಇಷ್ಟು ಕೊಡಲೇಬೇಕು ಅಂತಲ್ಲ. ಬಾಟಲಿಯಲ್ಲಿ ಹಾಕಿ ಕೈಗೆ ಕೊಡಬೇಡಿ. ದಿನವಿಡೀ ಚೀಪುತ್ತಾ ಇದ್ದರೆ ಹಲ್ಲು ಹಾಳಾಗುತ್ತದೆ.

ಹಳೇರೇಡಿಯೋ

ಮಾತ್ರೆ ತೆಗೆದುಕೊಳ್ಳುವವರು ಗ್ರೇಪ್‌ಫ್ರೂಟ್ ಜ್ಯೂಸಿನ ವಿಷಯ ತಿಳಿದಿರಬೇಕು. ದ್ರಾಕ್ಷಿ ಅಲ್ಲ, ಕಿತ್ತಳೆ ಜಾತಿಯ ಆ ದೊಡ್ಡ ಕಹಿ ಹಣ್ಣು. ಅದು ಕರುಳಿನಲ್ಲಿ ಔಷಧಿಯನ್ನು ಒಡೆಯುವ ಕಿಣ್ವವನ್ನು ತಡೆಯುತ್ತದೆ. ಆಗ ಒಂದು ಮಾತ್ರೆ ನುಂಗಿದರೂ ಜಾಸ್ತಿ ನುಂಗಿದ ಹಾಗೆ ಆಗುತ್ತದೆ. ಕೊಲೆಸ್ಟೆರಾಲ್‌ಗೆ ಕೊಡುವ ಸಿಮ್ವಾಸ್ಟಾಟಿನ್, ಬಿಪಿಗೆ ಕೊಡುವ ಫೆಲೋಡಿಪಿನ್ ಆ ಪಟ್ಟಿಯಲ್ಲಿವೆ. ಅದರ ಪ್ರಭಾವ ಒಂದು ದಿನಕ್ಕೂ ಜಾಸ್ತಿ ಇರುತ್ತದೆ, ಹಾಗಾಗಿ ಬೆಳಿಗ್ಗೆ ಜ್ಯೂಸ್ ರಾತ್ರಿ ಮಾತ್ರೆ ಎಂದರೂ ನಡೆಯುವುದಿಲ್ಲ.

ತಟ್ಟೆಲೆಕ್ಕ

ಒಳ್ಳೆಯದಾಯಿತು ನೆನಪಿಸಿದ್ದು. ಕಿಡ್ನಿ ತೊಂದರೆ ಇರುವವರೂ ಕೇಳಿಯೇ ಕುಡಿಯಬೇಕು, ಕಿತ್ತಳೆ ಜ್ಯೂಸಿನಲ್ಲಿ ಪೊಟ್ಯಾಸಿಯಂ ಜಾಸ್ತಿ.

ಕಿತ್ತಳೆಸಿಪ್ಪೆ

ಎರಡು ದಿನದ ಸುದ್ದಿ. ಟಾರ್ಚ್ ಹಿಡಿದು ತೆಗೆದ ಫೋಟೋದಲ್ಲಿ ತಿಂಗಳು ಕಾಣಿಸಿತು, ದಿನ ಕಾಣಿಸಲಿಲ್ಲ. ಅಂಗಡಿಗೆ ಹೋದೆ. ಫೋನ್ ನಂಬರ್ ಹೇಳಿದ ತಕ್ಷಣ ಆ ಹುಡುಗ ಡುಪ್ಲಿಕೇಟ್ ಬಿಲ್ ತೆಗೆದುಕೊಟ್ಟ. ಆದರೆ ಅದರಲ್ಲಿ ಸೀರಿಯಲ್ ನಂಬರ್ ಇಲ್ಲ! "ಇದೇ ಮೆಷಿನ್ ಎಂದು ಹೇಗೆ ನಂಬುವುದು" ಎಂದು ಸರ್ವಿಸ್ ಸೆಂಟರ್‌ನವರ ಪ್ರಶ್ನೆ. ಕ್ಲೇಮ್‌ಮೇಜು ಸರ್, ಈಗ ಏನು ಮಾಡಲಿ?

ಕ್ಲೇಮ್‌ಮೇಜು

ಡಬ್ಬ ಇದೆಯಾ? ಹೊರಗಿನ ರಟ್ಟಿನ ಪೆಟ್ಟಿಗೆ. ಅದರ ಮೇಲೆ ಬಾರ್‌ಕೋಡ್ ಜೊತೆ ಸೀರಿಯಲ್ ನಂಬರ್ ಇರುತ್ತದೆ. ಮೆಷಿನ್ ಮೇಲಿನದೂ ಪೆಟ್ಟಿಗೆ ಮೇಲಿನದೂ ಒಂದೇ ಆಗಿದ್ದು, ಬಿಲ್‌ನಲ್ಲಿ ಮಾಡೆಲ್ ಹೊಂದಿದರೆ ನಾನಾಗಿದ್ದರೆ ಪಾಸ್ ಮಾಡುತ್ತೇನೆ. ಕಂಪನಿ ಆ ಸೀರಿಯಲ್ ನಂಬರ್ ಅನ್ನು ಯಾವ ಅಂಗಡಿಗೆ, ಯಾವತ್ತು ಕಳಿಸಿತ್ತು ಎಂಬುದು ಅವರ ದಾಖಲೆಯಲ್ಲೇ ಇರುತ್ತದೆ. ಅದನ್ನು ತೆಗೆದು ನೋಡಿ ಎಂದು ಇಮೇಲ್‌ನಲ್ಲಿ ಕೇಳಿ.

ಈ ನಿಮ್ಮ ಪರದಾಟ ನೋಡಿ ನನಗೆ ಸಂಕಟವಾಗುತ್ತದೆ. ಇದು ಗ್ರಾಹಕ ಕಾಗದ ಇಟ್ಟುಕೊಳ್ಳದ ಸಮಸ್ಯೆ ಅಲ್ಲವೇ ಅಲ್ಲ. ಬಿಲ್ ಮಾಡುವಾಗ ಒಂದು ಸಲ ಸೀರಿಯಲ್ ನಂಬರ್ ಸ್ಕ್ಯಾನ್ ಮಾಡಿ ಕಂಪನಿಗೆ ಕಳಿಸಿದ್ದರೆ ವಾರಂಟಿ ಅವತ್ತೇ ಶುರುವಾಗಿ ದಾಖಲಾಗುತ್ತಿತ್ತು. ನೀವು ಬರಿಗೈಯಲ್ಲಿ ಹೋದರೂ ಸಾಕಿತ್ತು.

ಒಳಗಿನ ಕೆಲಸದ ಬಗ್ಗೆಯೂ ಹೇಳುತ್ತೇನೆ, ಇದನ್ನು ಓದುವವರಲ್ಲಿ ಕಂಪನಿ ಕಡೆಯವರೂ ಇರಬಹುದು. ಹಿಂದೆ ನಮ್ಮಲ್ಲಿ ರಿಪೇರಿಯ ವಿವರ ಬರೆಯುವ ಜಾಬ್ ಕಾರ್ಡ್‌ನಲ್ಲಿ "ಚಾಲೂ ಆಗುತ್ತಿಲ್ಲ" ಎಂದು ಮಾತ್ರ ಬರೆಯುತ್ತಿದ್ದರು. ಟೆಕ್ನಿಷಿಯನ್ ಮೋಟಾರ್ ಬದಲಿಸುತ್ತಿದ್ದ, ಹಳೆಯ ಮೋಟಾರ್ ಗುಜರಿಗೆ ಹೋಗುತ್ತಿತ್ತು. ಒಂದು ದಿನ ಗುಜರಿಗೆ ಹೋಗಬೇಕಿದ್ದ ಮೋಟಾರ್‌ಗಳಲ್ಲಿ ಕೆಲವನ್ನು ಮೇಜಿನ ಮೇಲಿಟ್ಟು ಕರೆಂಟ್ ಕೊಟ್ಟೆವು. ಚೆನ್ನಾಗಿ ತಿರುಗಿದವು! ಕೆಟ್ಟದ್ದು ಮೋಟಾರ್ ಅಲ್ಲ. ಮುಚ್ಚಳ ಸರಿಯಾಗಿ ಕೂತಾಗ ಮಾತ್ರ ಮೆಷಿನ್ ಚಾಲೂ ಆಗಲಿ ಎಂದು ಒಂದು ಸಣ್ಣ ಪಿನ್ ಇರುತ್ತದೆ, ಅದರ ಕೆಳಗೆ ಸ್ವಿಚ್. ಜ್ಯೂಸ್ ತೊಟ್ಟಿಕ್ಕಿ ಆ ಪಿನ್ ಸುತ್ತ ಒಣಗಿ ಅಂಟಿನ ಹಾಗೆ ಹಿಡಿದಿತ್ತು. ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಮುಗಿಯುವ ಕೆಲಸಕ್ಕೆ ಅಷ್ಟು ದಿನ ಮೋಟಾರ್ ಬದಲಿಸಿದ್ದೆವು. ಗ್ರಾಹಕರು ವಾರಗಟ್ಟಲೆ ಕಾದಿದ್ದರು.

ಅವತ್ತಿನಿಂದ ಮೂರು ವಿಷಯ ಬೇರೆ ಬೇರೆ ಬರೆಸುತ್ತೇವೆ. ಗ್ರಾಹಕರಿಗೆ ಕಂಡದ್ದೇನು, ಟೆಕ್ನಿಷಿಯನ್‌ಗೆ ಸಿಕ್ಕಿದ್ದೇನು, ಅದು ಹಾಗಾಗಲು ಕಾರಣವೇನು. ಕೆಟ್ಟ ಭಾಗ ಕಡ್ಡಾಯವಾಗಿ ವಾಪಸ್ ಬರಬೇಕು, ಅದನ್ನು ಬಿಚ್ಚಿ ನೋಡಬೇಕು. "ಏನೂ ದೋಷ ಸಿಗಲಿಲ್ಲ" ಎಂದು ಮುಚ್ಚಿದ ಕೇಸ್‌ಗಳನ್ನು ತಿಂಗಳಿಗೊಮ್ಮೆ ಮತ್ತೆ ತೆರೆದು ಓದುತ್ತೇವೆ. ಗ್ರಾಹಕರು ಸುಳ್ಳು ಹೇಳಲು ಮೆಷಿನ್ ಹೊತ್ತುಕೊಂಡು ಬರುವುದಿಲ್ಲ, ಅಲ್ವಾ?

ಲೆಕ್ಕ ಹಾಕುವ ರೀತಿಯೂ ಮುಖ್ಯ. ಈ ತಿಂಗಳು ಕ್ಲೇಮ್ ಎಷ್ಟು ಬಂತು ಎಂದು ಎಣಿಸಿದರೆ ಏನೂ ತಿಳಿಯುವುದಿಲ್ಲ. ಮಾರಾಟ ಏರಿದರೆ ಕ್ಲೇಮ್ ಏರುವುದು ಸಹಜ. ಯಾವ ತಿಂಗಳು ತಯಾರಾದದ್ದು, ಮನೆಗೆ ಹೋಗಿ ಎಷ್ಟು ತಿಂಗಳಿಗೆ ಕೆಟ್ಟಿತು, ಈ ಎರಡನ್ನೂ ಎದುರು ಬದುರು ಇಟ್ಟು ನೋಡಬೇಕು. ಒಂದೇ ಬ್ಯಾಚ್‌ನವು ಮೂರನೇ ತಿಂಗಳಿಗೇ ಬರತೊಡಗಿದರೆ ಯಾವುದೋ ಭಾಗ ಕೆಟ್ಟದಾಗಿ ಬಂದಿದೆ ಎಂದರ್ಥ. ಆಗಲೇ ತಯಾರಿಕೆಯ ಲೈನ್ ನಿಲ್ಲಿಸಿ ನೋಡಿದರೆ ಉಳಿದ ಮನೆಗಳಾದರೂ ಉಳಿಯುತ್ತವೆ.

ಎಕ್ಸೆಲ್‌ಅಕ್ಕ

ಮನೆಯಲ್ಲಿ ನಾನು ಮಾಡುವುದು ಇಷ್ಟೇ. ಸಾಮಾನು ಬಂದ ದಿನವೇ ಫೋಟೋ: ಬಿಲ್, ಪೆಟ್ಟಿಗೆಯ ಬಾರ್‌ಕೋಡ್, ಮೆಷಿನ್ ತಳದ ಚೀಟಿ, ವಾರಂಟಿ ಕಾರ್ಡ್‌ನ ಎರಡೂ ಬದಿ. ನಾಲ್ಕನ್ನೂ ನನಗೇ ಒಂದು ಇಮೇಲ್ ಮಾಡುತ್ತೇನೆ, ವಿಷಯದ ಜಾಗದಲ್ಲಿ ಸಾಮಾನಿನ ಹೆಸರು ಮತ್ತು "ವಾರಂಟಿ" ಎಂದು ಬರೆದು. ಫೋನ್ ಕಳೆದರೂ ಇಮೇಲ್ ಇರುತ್ತದೆ. ಆಮೇಲೆ ಕ್ಯಾಲೆಂಡರ್‌ನಲ್ಲಿ ವಾರಂಟಿ ಮುಗಿಯುವ ದಿನಕ್ಕೆ ಒಂದು ತಿಂಗಳು ಮೊದಲು ಅಲಾರಂ. ಆ ದಿನ ಸುಮ್ನೆ ಕೂರುವುದಿಲ್ಲ. ಮೆಷಿನ್‌ನ ಎಲ್ಲಾ ಬಟನ್ ಒತ್ತಿ ನೋಡುತ್ತೇನೆ, ದಿನಾ ಬಳಸದ ಬಟನ್ ಕೂಡ. ಹೀಗೆ ಒಂದು ಓವನ್‌ನ ಗ್ರಿಲ್ ಕೆಲಸ ಮಾಡುತ್ತಿಲ್ಲ ಎಂದು ಕೊನೆಯ ತಿಂಗಳಲ್ಲಿ ಗೊತ್ತಾಗಿ ಉಚಿತವಾಗಿ ಸರಿಯಾಯಿತು.

ಮೂರುಚಿಳ್ಳೆ

ಎಕ್ಸ್‌ಟೆಂಡೆಡ್ ವಾರಂಟಿ ತೆಗೆದುಕೊಳ್ಳಬಹುದಾ?

ಕ್ಲೇಮ್‌ಮೇಜು

ಸಣ್ಣ ಉಪಕರಣಕ್ಕೆ ನಾನಾಗಿದ್ದರೆ ತೆಗೆದುಕೊಳ್ಳುವುದಿಲ್ಲ. ತಯಾರಿಕೆಯ ದೋಷ ಇದ್ದರೆ ಹೆಚ್ಚಾಗಿ ಮೊದಲ ತಿಂಗಳುಗಳಲ್ಲೇ ಹೊರಬರುತ್ತದೆ, ಸವೆತ ಕೊನೆಗೆ ಬರುತ್ತದೆ. ಎಕ್ಸ್‌ಟೆಂಡೆಡ್ ಕವರ್ ಮಾಡುವುದು ನಡುವಿನ ಶಾಂತ ಕಾಲವನ್ನು. ತೆಗೆದುಕೊಳ್ಳುವುದೇ ಆದರೆ ಏನು ಸೇರಿಲ್ಲ ಎಂಬ ಪುಟವನ್ನು ಮೊದಲು ಓದಿ. ಜ್ಯೂಸರ್‌ನಲ್ಲಿ ಜಾಲರಿ, ರಬ್ಬರ್ ರಿಂಗ್, ಬ್ರಷ್ ಸಾಮಾನ್ಯವಾಗಿ ಹೊರಗಿರುತ್ತವೆ.

ಮೆಷಿನ್ ತಳದಲ್ಲಿ ಎಷ್ಟು ನಿಮಿಷ ಬಿಡದೆ ಓಡಿಸಬಹುದು ಎಂದು ಬರೆದಿರುತ್ತದೆ, ಅದನ್ನೂ ನೋಡಿಕೊಳ್ಳಿ. ಎಷ್ಟೋ ಜನರಿಗೆ ಅದು ಇದೆ ಎಂದೇ ಗೊತ್ತಿಲ್ಲ.

ಕಿತ್ತಳೆಸಿಪ್ಪೆ

ಹದಿನೆಂಟು ದಿನದ ನಂತರ ಬರೆಯುತ್ತಿದ್ದೇನೆ. ಪೆಟ್ಟಿಗೆ ಅಟ್ಟದ ಮೇಲಿತ್ತು. ಸೀರಿಯಲ್ ನಂಬರ್ ಹೊಂದಿತು. ಇಮೇಲ್‌ಗೆ ನಾಲ್ಕನೇ ದಿನ ಉತ್ತರ ಬಂತು, ಕ್ಲೇಮ್ ಒಪ್ಪಿದರು. ಕೆಟ್ಟದ್ದು ಗೇರ್, ಕ್ಲೇಮ್‌ಮೇಜು ಸರ್ ಹೇಳಿದ ಹಾಗೆಯೇ. ಹಳೆಯ ಗೇರ್ ತೋರಿಸಿ ಎಂದು ಕೇಳಿದೆ. ಬಿಳಿ ಪ್ಲಾಸ್ಟಿಕ್ ಚಕ್ರ, ಅಂಗೈಯಷ್ಟೂ ಇಲ್ಲ. ಮೂರು ಹಲ್ಲು ಚಪ್ಪಟೆಯಾಗಿವೆ, ಒಂದು ಅರ್ಧ ಮುರಿದಿದೆ. ವಾಪಸ್ ಕಳಿಸಬೇಕು ಎಂದರು, ಫೋಟೋ ತೆಗೆದುಕೊಂಡು ಬಂದೆ. ಮೆಷಿನ್ ತಳದಲ್ಲಿ 10 ನಿಮಿಷ ಎಂದು ಬರೆದಿದೆ. ನಾನು ಕ್ಯಾರೆಟ್ ಇಡಿಯಾಗಿ ತುರುಕಿ ಇಪ್ಪತ್ತು ನಿಮಿಷ ಓಡಿಸಿದ ದಿನಗಳಿವೆ. ಅದನ್ನೂ ಅವರಿಗೆ ಹೇಳಿದೆ. "ಇನ್ನು ಮೇಲೆ ಕತ್ತರಿಸಿ ಹಾಕಿ" ಎಂದು ಹೇಳಿ ಕಳಿಸಿದರು.

ತಟ್ಟೆಲೆಕ್ಕ ಮೇಡಂ, ಅಮ್ಮನ ವಿಷಯದಲ್ಲಿ ನೀವು ಬೇರೆ ಮೆಸೇಜ್‌ನಲ್ಲಿ ಹೇಳಿದ ಹಾಗೆ ಮಾಡುತ್ತಿದ್ದೇನೆ. ಹೆಚ್ಚಿನ ದಿನ ಮಿಕ್ಸಿಯಲ್ಲಿ ಇಡೀ ಹಣ್ಣು ಅರೆದು, ಸೋಸದೆ, ಚಮಚ ಹಾಕಿ ಬಟ್ಟಲಿನಲ್ಲಿ ಕೊಡುತ್ತೇನೆ. ಸೇಬನ್ನು ಹಬೆಯಲ್ಲಿ ಬೇಯಿಸಿದರೆ ಹಲ್ಲಿಲ್ಲದ ಕಡೆಯೂ ತಿನ್ನುತ್ತಾರೆ. ವಾರಕ್ಕೆ ಎರಡು ದಿನ ಜ್ಯೂಸರ್, 120 ಮಿ.ಲೀ., ಊಟದ ಜೊತೆ. ಮೊದಲ ದಿನ ಲೋಟ ನೋಡಿ "ಇಷ್ಟೇನಾ?" ಎಂದರು. ಈಗ ಅವರೇ ಅಳತೆ ಲೋಟ ಹಿಡಿದು ನಿಂತಿರುತ್ತಾರೆ. ರಕ್ತ ಪರೀಕ್ಷೆ ಎರಡೂವರೆ ತಿಂಗಳ ನಂತರ ಇದೆ, ಬಂದ ತಕ್ಷಣ ಇಲ್ಲೇ ಬರೆಯುತ್ತೇನೆ.

ಎಕ್ಸೆಲ್‌ಅಕ್ಕ, ನಿಮ್ಮ ಇಮೇಲ್ ಉಪಾಯ ಮನೆಯ ಎಂಟು ಸಾಮಾನಿಗೆ ಮಾಡಿ ಮುಗಿಸಿದೆ. ಅಮ್ಮ ಜ್ಯೂಸರ್ ತಿರುಗಿಸಿ, ತಳದಲ್ಲಿ ಕಪ್ಪು ಮಾರ್ಕರ್‌ನಿಂದ ತೆಗೆದುಕೊಂಡ ತಾರೀಕನ್ನು ದೊಡ್ಡದಾಗಿ ಬರೆದಿಟ್ಟಿದ್ದಾರೆ.